ಆರ್‌ಎಕ್ಸ್ 100 ಹಿಂದಿನ ಚಕ್ರ: ಕಡ್ಡಿ ಕಟ್ಟಿ ಔಟ್ ತೆಗೆಯುವುದನ್ನು ಮನೆಯಲ್ಲೇ ಕಲಿಯಬಹುದಾ?

ಕೊಪ್ಪದ ಆರ್‌ಎಕ್ಸ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1994ರ ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಹಿಂದಿನ ರಿಮ್‌ನ ಕ್ರೋಮ್ ಎದ್ದು ಹೋಗಿದೆ, ಒಳಗೆಲ್ಲ ತುಕ್ಕು. ಕಡ್ಡಿಯನ್ನು (ಸ್ಪೋಕ್) ರಿಮ್‌ಗೆ ಬಿಗಿಯುವ ನಿಪ್ಪಲ್‌ಗಳಲ್ಲಿ ಕೆಲವು ತಿರುಗುವುದೇ ಇಲ್ಲ. ಹೊಸ ರಿಮ್, 36 ಕಡ್ಡಿ, ನಿಪ್ಪಲ್ ಸೆಟ್ ಎಲ್ಲ ತಂದಿಟ್ಟಿದ್ದೇನೆ. ನಮ್ಮ ಕಡೆ ಚಕ್ರ ಕಟ್ಟುತ್ತಿದ್ದವರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದ್ದಾರೆ. ಶಿವಮೊಗ್ಗಕ್ಕೆ ಒಯ್ದು ಕೊಡಬಹುದು, ಕಷ್ಟವೇನಿಲ್ಲ. ಆದರೆ ಹಿಂದೊಮ್ಮೆ ಮುಂದಿನ ಚಕ್ರವನ್ನು ಒಂದು ಕಡೆ ಕೊಟ್ಟಿದ್ದೆ. ತಿರುಗಿಸಿ ನೋಡಿದರೆ ಔಟ್ (ತಿರುಗುವಾಗ ರಿಮ್ ಓಲಾಡುವುದು) ಇರಲಿಲ್ಲ, ಆದರೆ ರಿಮ್ ಫೋರ್ಕ್‌ನ ನಡುವೆ ಕೂರುತ್ತಿರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. ಕೈ ಬಿಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಹಾಗಾಗಿ ಈ ಸಲ ನಾನೇ ಕಲಿಯಬೇಕು ಅಂತಿದೆ. ಚಕ್ರ ಕೂರಿಸಿ ಔಟ್ ನೋಡುವ ಸ್ಟ್ಯಾಂಡ್ ಕೊಳ್ಳಲೇಬೇಕಾ? ಯಾವ ಕಡ್ಡಿ ಮೊದಲು ಹಾಕಬೇಕು? ಎಷ್ಟು ಬಿಗಿ ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಪಾನಾ 14
ಖಂಡಿತ ಕಲಿಯಬಹುದು. ಹಳೇ ಚಕ್ರ ಇನ್ನೂ ಬಿಚ್ಚಿಲ್ಲ ತಾನೇ? ಬಿಚ್ಚಿಲ್ಲ ಅಂದರೆ ಹಾಗೇ ಇಡಿ.

ಕೊಪ್ಪದ ಆರ್‌ಎಕ್ಸ್
ಟೈರ್, ಟ್ಯೂಬ್ ಮಾತ್ರ ತೆಗೆದಿದ್ದೇನೆ. ಕಡ್ಡಿ ಮುಟ್ಟಿಲ್ಲ.

ಪಾನಾ 14
ಬಹಳ ಒಳ್ಳೆಯದು. ಅರ್ಧ ಕೆಲಸ ಇಲ್ಲೇ ಇದೆ. ನಿಮ್ಮ ಮುಂದಿನ ಚಕ್ರಕ್ಕೆ ಆಗಿದ್ದು ಇದೇ. ಬಿಚ್ಚುವ ಮೊದಲು ಯಾರೂ ಅಳತೆ ತೆಗೆದುಕೊಂಡಿಲ್ಲ.

ಚಕ್ರದ ನಡುವಿನ ಹಬ್‌ಗೆ ರಿಮ್ ಸರಿಯಾಗಿ ಮಧ್ಯಕ್ಕೆ ಕೂರಬೇಕೆಂದು ನಿಯಮ ಇಲ್ಲ. ಒಂದು ಕಡೆ ಡ್ರಮ್, ಇನ್ನೊಂದು ಕಡೆ ಚೈನ್ ಸ್ಪ್ರಾಕೆಟ್. ಹಾಗಾಗಿ ಕಂಪನಿಯವರು ರಿಮ್ಮನ್ನು ಒಂದು ಪಕ್ಕಕ್ಕೆ ಸ್ವಲ್ಪ ಸರಿಸಿ ಇಟ್ಟಿರುತ್ತಾರೆ. ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಡ್ರಮ್ ಬಾಯಿಯ ಮೇಲೆ ನೇರವಾದ ಉಕ್ಕಿನ ಪಟ್ಟಿ ಅಡ್ಡ ಇಡಿ, ಅದು ರಿಮ್ ದಾಟಿ ಹೊರಗೆ ಚಾಚಿರಲಿ. ಪಟ್ಟಿಯಿಂದ ರಿಮ್ ಅಂಚಿಗೆ ಎಷ್ಟು ದೂರ ಅಂತ ಸ್ಕೇಲ್‌ನಲ್ಲಿ ಅಳೆಯಿರಿ. ಸುತ್ತಲೂ ನಾಲ್ಕು ಜಾಗದಲ್ಲಿ ಅಳೆದು ಸರಾಸರಿ ತೆಗೆಯಿರಿ. ಹಬ್ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಕಾಗದದ ಮೇಲೆ ಬರೆದರೆ ಗ್ರೀಸ್ ಕೈಗೆ ಸಿಕ್ಕಿ ಹಾಳಾಗುತ್ತದೆ.

ಆಮೇಲೆ ಎರಡೂ ಕಡೆಯಿಂದ ಫೋಟೋ. ಗಾಳಿ ಹಾಕುವ ತೂತಿನ ಹತ್ತಿರ ಕಡ್ಡಿಗಳು ಹೇಗೆ ಹೋಗುತ್ತವೆ ಅನ್ನುವುದು ಸ್ಪಷ್ಟ ಕಾಣುವ ಹಾಗೆ ಒಂದು ಫೋಟೋ ಬೇಕೇ ಬೇಕು. ಕೊನೆಗೆ ಹೊಸ ಕಡ್ಡಿಯನ್ನು ಹಳೆಯದರ ಪಕ್ಕ ಹಿಡಿದು ನೋಡಿ. ಕತ್ತಿನ (ಹಬ್‌ಗೆ ಸಿಕ್ಕುವ ಕಡೆಯ) ಬಾಗು ಒಳಗಿನಿಂದ ತುದಿಯವರೆಗೆ ಉದ್ದ ಅಳೆಯಬೇಕು. ಒಳ ಕಡ್ಡಿಗೂ ಹೊರ ಕಡ್ಡಿಗೂ ಕತ್ತಿನ ಬಾಗು ಬೇರೆ ಇರುತ್ತದೆ. ಒಂದೇ ಪೊಟ್ಟಣದಲ್ಲಿ ಎರಡೂ ಮಿಕ್ಸ್ ಆಗಿ ಬರುತ್ತವೆ. ಬೇರೆ ಬೇರೆ ಮಾಡಿಟ್ಟುಕೊಳ್ಳಿ.

ಘಟ್ಟದ ಸವಾರ
ಎಲ್ಲರಿಗೂ ಹುಮ್ಮಸ್ಸು ಕೊಡುವ ಮೊದಲು ಒಂದು ಮಾತು. ಇದು ಕಾರ್ಬೊರೇಟರ್ ಕ್ಲೀನ್ ಮಾಡುವ ಹಾಗಲ್ಲ. ಚಕ್ರ ಕೈ ಕೊಟ್ಟರೆ ಚಾರ್ಮಾಡಿ ತಿರುವಿನಲ್ಲಿ ಏನಾಗುತ್ತದೆ ಗೊತ್ತಲ್ಲ? ನೂರಾರು ಚಕ್ರ ಕಟ್ಟಿದವರ ಕೈಗೂ ವಿಡಿಯೋ ನೋಡಿ ಕಟ್ಟಿದವರ ಕೈಗೂ ವ್ಯತ್ಯಾಸ ಇರುತ್ತದೆ. ದುಡ್ಡು ಕೊಟ್ಟು ಮಾಡಿಸಿ ಅಂತಲೇ ನನ್ನ ಸಲಹೆ.

ಸೈಕಲ್ ಶಾಪ್ ಮಗ
ಘಟ್ಟದ ಸವಾರ ಅಣ್ಣ, ನಿಮ್ಮ ಕಾಳಜಿ ಸರಿ. ಆದರೆ ನಿರ್ಧಾರ ಒಪ್ಪಲ್ಲ. ಕಡ್ಡಿ ಚಕ್ರ ಇದ್ದಕ್ಕಿದ್ದ ಹಾಗೆ ಕುಸಿಯುವುದು ಬಹಳ ಅಪರೂಪ. ಮೊದಲು ಒಂದೆರಡು ಕಡ್ಡಿ ಸಡಿಲ ಆಗುತ್ತವೆ, ಶಬ್ದ ಬರುತ್ತದೆ, ಔಟ್ ಶುರು ಆಗುತ್ತದೆ, ಆಮೇಲೆ ಒಂದು ಮುರಿಯುತ್ತದೆ. ತಾನೇ ಕಟ್ಟಿದವನು ಇದನ್ನು ಬೇಗ ಗಮನಿಸುತ್ತಾನೆ. ಅಂಗಡಿಯಲ್ಲಿ ಕಟ್ಟಿಸಿದವರಲ್ಲಿ ಎಷ್ಟು ಜನ ಆಮೇಲೆ ಕಡ್ಡಿ ಮುಟ್ಟಿ ನೋಡುತ್ತಾರೆ ಹೇಳಿ?

ತುಮಕೂರಿನಲ್ಲಿ ನಮ್ಮಪ್ಪನ ಅಂಗಡಿ ಇತ್ತು. ಸೈಕಲ್, ಲೂನಾ, ಆಮೇಲೆ ಬೈಕ್ ಚಕ್ರಗಳು. ಕಲಿಯಲು ಬಂದ ಹುಡುಗರಿಗೆ ಅಪ್ಪ ಗುಜರಿಯಿಂದ ತಂದ ಚಕ್ರ ಕೊಡುತ್ತಿದ್ದರು. ಪೂರ್ತಿ ಬಿಚ್ಚು, ಮತ್ತೆ ಕಟ್ಟು, ಮತ್ತೆ ಬಿಚ್ಚು. ಕೊಪ್ಪದವರೇ, ನೀವೂ ಹಾಗೇ ಮಾಡಿ. ಹಳೇ ಸ್ಪ್ಲೆಂಡರ್ ಚಕ್ರ ಸಿಕ್ಕರೂ ಸಾಕು. ಅದೂ 36 ಕಡ್ಡಿ, 18 ಇಂಚು. ನಿಮ್ಮ ಗಾಡಿಯ ಚಕ್ರದ ಮೇಲೆ ಮೊದಲ ಪಾಠ ಬೇಡ.

ಕೊಪ್ಪದ ಆರ್‌ಎಕ್ಸ್
ಹಳೇ ಸ್ಪ್ಲೆಂಡರ್ ಚಕ್ರ ಗ್ಯಾರೇಜ್‌ನವರ ಹತ್ತಿರ ಕೇಳಿದೆ, ಕೊಡುತ್ತಾರಂತೆ. ಕಡ್ಡಿ ಹಾಕುವ ಕ್ರಮ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಸೈಕಲ್ ಶಾಪ್ ಮಗ
ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

36 ಕಡ್ಡಿ ಅಂದರೆ ಒಂದು ಕಡೆಗೆ 18. ಆ 18ರಲ್ಲಿ 9 ಹಬ್ ಅಂಚಿನ ಒಳಮೈಯಲ್ಲಿ ಮಲಗುತ್ತವೆ, 9 ಹೊರಮೈಯಲ್ಲಿ. ಒಳಗಿನವು ಒಂದು ದಿಕ್ಕಿಗೆ ಓರೆ, ಹೊರಗಿನವು ಎದುರು ದಿಕ್ಕಿಗೆ ಓರೆ. ಎರಡೂ ಕಡೆಯ ಒಳ ಕಡ್ಡಿಗಳನ್ನು ಮೊದಲು ಹಬ್‌ಗೆ ತೂರಿಸಿಬಿಡಿ. ಹೊರಗಿನದನ್ನು ಮೊದಲು ಹಾಕಿದರೆ ಒಳಗಿನದಕ್ಕೆ ದಾರಿಯೇ ಇರಲ್ಲ, ಬಗ್ಗಿಸಬೇಕಾಗುತ್ತದೆ. ಬಗ್ಗಿದ ಕಡ್ಡಿ ಹಾಕಲೇಬಾರದು.

ಹಬ್ಬನ್ನು ನೆಲದ ಮೇಲೆ ಇಡಿ. ಸುತ್ತ ರಿಮ್ ಇಟ್ಟು, ರಿಮ್ ಕೆಳಗೆ ಮರದ ತುಂಡು ಕೊಟ್ಟು ಎತ್ತರ ಹೊಂದಿಸಿ. ಈಗ ರಿಮ್‌ನ ತೂತುಗಳನ್ನು ಗಮನಿಸಿ. ಸೈಕಲ್ ರಿಮ್‌ಗೂ ಬೈಕ್ ರಿಮ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬೈಕ್ ರಿಮ್‌ನಲ್ಲಿ ಪ್ರತಿ ತೂತಿನ ಗುಳಿಯನ್ನೂ ಓರೆಯಾಗಿ ಒತ್ತಿರುತ್ತಾರೆ. ಒಂದು ಎಡ ಅಂಚಿನ ಕಡೆಗೆ ಮುಂದಕ್ಕೆ ನೋಡುತ್ತದೆ, ಇನ್ನೊಂದು ಬಲ ಅಂಚಿನ ಕಡೆಗೆ ಹಿಂದಕ್ಕೆ ನೋಡುತ್ತದೆ. ಹೀಗೆ ನಾಲ್ಕು ತೂತಿನ ಗುಂಪು ಸುತ್ತಲೂ ಮರುಕಳಿಸುತ್ತದೆ. ತೂತಿನಲ್ಲಿ ನಿಪ್ಪಲ್ ಇಟ್ಟು, ಅದು ಯಾವ ಕಡೆ ಮುಖ ಮಾಡುತ್ತದೆ ನೋಡಿ. ಆ ಕಡೆಯಿಂದ ಬರುವ ಕಡ್ಡಿಯೇ ಅದರದು. ನಿಪ್ಪಲ್‌ನಿಂದ ಹೊರಟ ಕೂಡಲೇ ಕಡ್ಡಿ ಸೊಟ್ಟ ಆಗುತ್ತಿದ್ದರೆ ತೂತು ತಪ್ಪಿದೆ ಅಂತಲೇ ಅರ್ಥ. ಬಿಚ್ಚಿ ಮತ್ತೆ ಶುರು ಮಾಡಿ, ಮುಂದಕ್ಕೆ ಹೋಗಬೇಡಿ.

ಮೊದಲ ನಾಲ್ಕು ಸರಿ ಕೂತರೆ ಮಿಕ್ಕ 32 ಅದರ ನಕಲು ಅಷ್ಟೇ. ಹಗ್ಗದ ಮಂಚ ಹೆಣೆದ ಹಾಗೆ, ಮೊದಲ ಸುತ್ತು ತಲೆಗೆ ಹತ್ತಿದರೆ ಆಮೇಲೆ ಕೈಯೇ ನಡೆಸುತ್ತದೆ.

ಎಲ್ಲ ನಿಪ್ಪಲ್‌ಗಳನ್ನೂ ಒಂದೇ ಮಟ್ಟಕ್ಕೆ ತಿರುಗಿಸಿ. ಕಡ್ಡಿ ತುದಿಯ ಮರೆ (ಥ್ರೆಡ್) ನಿಪ್ಪಲ್ ಒಳಗೆ ಮುಚ್ಚಿಹೋಗುವ ತನಕ ಅಂತ ಇಟ್ಟುಕೊಳ್ಳಿ. ಎಲ್ಲ ಒಂದೇ ಮಟ್ಟದಲ್ಲಿ ಶುರು ಆದರೆ ಔಟ್ ತೆಗೆಯುವ ಕೆಲಸ ತುಂಬಾ ಹಗುರ.

ಧಾರವಾಡದ ಬುಲೆಟ್
ಭಾಳ ಚೆನ್ನಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ ನೋಡ್ರಿ. ಹಳೇ ಬುಲೆಟ್‌ನಲ್ಲಿ 40 ಕಡ್ಡಿ, 19 ಇಂಚು ರಿಮ್. ಗುಂಪಿನ ಲೆಕ್ಕ ಅದೇ, ನಾಲ್ಕರ ಗುಂಪು ಹತ್ತು. ಮತ್ತೆ ಮರೆಗೆ ಒಂದು ಹನಿ ಎಣ್ಣೆ ಹಾಕದೆ ನಿಪ್ಪಲ್ ಹಾಕಬೇಡ್ರಿ. ಒಣ ಮರೆ ಹಿಡಿದುಕೊಂಡರೆ ಬಿಗಿ ಆಯಿತು ಅಂತ ಕೈಗೆ ಅನಿಸುತ್ತದೆ, ಆದರೆ ಕಡ್ಡಿ ಸಡಿಲೇ ಇರುತ್ತದೆ.

ಕಾರವಾರ ಕರಾವಳಿ
ಎಣ್ಣೆ ಸಾಲಲ್ಲ ಮಾರಾಯ್ರೇ. ನಮ್ಮ ಕಡೆ ಉಪ್ಪು ಗಾಳಿಗೆ ಎರಡು ಮಳೆಗಾಲ ದಾಟುವಷ್ಟರಲ್ಲಿ ನಿಪ್ಪಲ್ ಕಡ್ಡಿಗೆ ಅಂಟಿಕೊಂಡಿರುತ್ತದೆ. ಗ್ರೀಸ್ ಹಚ್ಚಿ. ಸ್ಟೀಲ್ ಅಂದರೆ ಸ್ಟೇನ್‌ಲೆಸ್ ಕಡ್ಡಿ ಹಾಕುವವರು ಮರೆ ಕಚ್ಚಿಕೊಳ್ಳದ ಹಾಗೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಲೇಬೇಕು.

ಹೊಸಬ ಹಿಮಾಲಯನ್
ಸ್ಟೇನ್‌ಲೆಸ್ ಒಳ್ಳೆಯದಾ? ತುಕ್ಕು ಹಿಡಿಯಲ್ಲ ಅಲ್ವಾ?

ಲೇತ್ ಪೀಣ್ಯ
ತುಕ್ಕು ಹಿಡಿಯುವುದು ತುಂಬಾ ಕಡಿಮೆ, ನಿಜ. ಆದರೆ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಮರೆ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿದರೆ ಕತ್ತರಿಸಿಯೇ ತೆಗೆಯಬೇಕು. ಹಾಗಾಗಿ ಸ್ಟೇನ್‌ಲೆಸ್ ಕಡ್ಡಿಗೆ ನಿಕ್ಕಲ್ ಲೇಪ ಇರುವ ಹಿತ್ತಾಳೆ ನಿಪ್ಪಲ್ ಹಾಕುತ್ತಾರೆ. ಒಳ್ಳೆ ಕಂಪನಿಯ ಕಡ್ಡಿ ಆದರೆ ಮಾತ್ರ ತಗೊಳ್ಳಿ. ಬರೀ ಹೊಳಪು ನೋಡಿ ಹೆಸರಿಲ್ಲದ ಸೆಟ್ ತಗೊಳ್ಳುವುದಕ್ಕಿಂತ ಸತು ಲೇಪದ ಮಾಮೂಲಿ ಕಡ್ಡಿ ಎಷ್ಟೋ ಮೇಲು.

ಇನ್ನು ದಪ್ಪ. 10 ಗೇಜ್ ಅಂದರೆ 3.25 ಮಿ.ಮೀ., 9 ಗೇಜ್ 3.66, 8 ಗೇಜ್ 4.06. ಸಂಖ್ಯೆ ಇಳಿದಷ್ಟೂ ಕಡ್ಡಿ ದಪ್ಪ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಇದು ತಲೆಯಲ್ಲಿರಲಿ. ದಪ್ಪ ಜಾಸ್ತಿ ಆದರೆ ಗಟ್ಟಿ ಅಂತ ರಿಮ್ ತೂತು ಕೊರೆದು ದೊಡ್ಡದು ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ರಾತ್ರಿ ಪಾಳಿ
ಆಲಾಯ್ ವೀಲ್ ಹಾಕಿಬಿಡಿ, ಈ ತಲೆನೋವೇ ಇರಲ್ಲ.

ಧಾರವಾಡದ ಬುಲೆಟ್
ಆರ್‌ಎಕ್ಸ್‌ಗೆ ಆಲಾಯ್ ವೀಲಾ? ಬೇಡ ರೀ, ಬೇಡ.

ಘಟ್ಟದ ಸವಾರ
ಅಂದಕ್ಕಾಗಿ ಮಾತ್ರ ಅಲ್ಲ. ಶಿರಾಡಿ ಗುಂಡಿಯಲ್ಲಿ ಎರಕದ ಆಲಾಯ್ ಬಿರುಕು ಬಿಟ್ಟರೆ ಹೊಸದೇ ತರಬೇಕು. ಕಡ್ಡಿ ಚಕ್ರ ಬಾಗಿದರೂ ಊರು ಸೇರಿಸುತ್ತದೆ. ಈ ಮಾತಲ್ಲಿ ನಾನು ಕಡ್ಡಿ ಪಕ್ಷ.

ಕೊಪ್ಪದ ಆರ್‌ಎಕ್ಸ್
ಸ್ಪ್ಲೆಂಡರ್ ಚಕ್ರ ಬಂತು. ಬಿಚ್ಚುವಾಗ ಕೆಲವು ನಿಪ್ಪಲ್ ಅಲುಗಾಡಲಿಲ್ಲ. ಗ್ರೈಂಡರ್ ತಗೊಂಡು ಕತ್ತರಿಸಲಾ?

ಪಾನಾ 14
ತಡೆಯಿರಿ. ಬಿಗಿ ಇರುವ ಕಡ್ಡಿ ಕತ್ತರಿಸಿದರೆ ಬಾಣದ ವೇಗದಲ್ಲಿ ಹಾರುತ್ತದೆ. ಮೊದಲು ತಿರುಗುವ ನಿಪ್ಪಲ್‌ಗಳನ್ನೆಲ್ಲ ಸುತ್ತಲೂ ಅರ್ಧರ್ಧ ಸುತ್ತು ಸಡಿಲ ಮಾಡಿ. ಒಂದೇ ಕಡೆ ಪೂರ್ತಿ ಬಿಚ್ಚಿದರೆ ರಿಮ್ ಬಾಗುತ್ತದೆ. ಹಿಡಿದುಕೊಂಡಿರುವ ನಿಪ್ಪಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಇಡೀ ಬಿಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಕತ್ತರಿಸಿ. ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬೇಡಿ. ನಿಪ್ಪಲ್ ತಿರುಗಿಸುವ ಸ್ಪೋಕ್ ಕೀ ಅಳತೆ ಸರಿಯಾಗಿರಲಿ. ಕಟಿಂಗ್ ಪ್ಲೇಯರ್‌ನಲ್ಲಿ ನಿಪ್ಪಲ್ ತಿರುಗಿಸಿದರೆ ಅದರ ಮೂಲೆ ಉರುಟಾಗುತ್ತದೆ.

ಲೇತ್ ಪೀಣ್ಯ
ಸ್ಟ್ಯಾಂಡ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಕೊಳ್ಳುವುದು ಬೇಡ. ಹಳೇ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ಕವಲು) ಗುಜರಿಯಲ್ಲಿ ಸಿಕ್ಕರೆ ಅದನ್ನು ಬೆಂಚಿನ ವೈಸ್‌ಗೆ ಕಚ್ಚಿಸಿ, ಆಕ್ಸಲ್ ಹಾಕಿ. ಅದೇ ಸ್ಟ್ಯಾಂಡ್. ಅದೂ ಇಲ್ಲದಿದ್ದರೆ ಗಾಡಿಯನ್ನೇ ಸೆಂಟರ್ ಸ್ಟ್ಯಾಂಡ್ ಹಾಕಿ, ಚೈನ್ ತೆಗೆದು, ಬ್ರೇಕ್ ಸಡಿಲಿಸಿ, ಅಲ್ಲೇ ಕೆಲಸ ಮಾಡಬಹುದು. ಸ್ವಿಂಗ್ ಆರ್ಮ್‌ಗೆ ಪ್ಲಾಸ್ಟಿಕ್ ಟೈ ಒಂದನ್ನು ಕಟ್ಟಿ ತುದಿ ರಿಮ್ ಹತ್ತಿರ ಬರುವ ಹಾಗೆ ಕತ್ತರಿಸಿ. ರಿಮ್ ಎಲ್ಲಿ ತಾಗುತ್ತದೆ, ಎಲ್ಲಿ ದೂರ ಹೋಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಮುಳ್ಳಿನಿಂದ ಔಟ್ ಅಳೆಯುವ ಡಯಲ್ ಗೇಜ್ ಇದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ.

ಎಲ್ಲಕ್ಕಿಂತ ಮೊದಲು ಬೇರಿಂಗ್ ನೋಡಿ. ಬೇರಿಂಗ್ ಆಟ ಇದ್ದರೆ ಇಲ್ಲದ ಔಟ್ ಕಾಣಿಸುತ್ತದೆ. ದಿನವಿಡೀ ಕಡ್ಡಿ ತಿರುಗಿಸಿದರೂ ಹೋಗಲ್ಲ.

ಹೊಸಬ ಹಿಮಾಲಯನ್
ಪಕ್ಕದ ಔಟ್ ಮೊದಲು ತೆಗೆಯಬೇಕಾ, ಮೇಲೆ ಕೆಳಗೆ ಕುಣಿಯುವುದು ಮೊದಲಾ?

ಧಾರವಾಡದ ಬುಲೆಟ್
ಪಕ್ಕದ್ದು ಮೊದಲು. ಕಣ್ಣಿಗೆ ಕಾಣುವುದು ಅದೇ.

ಸೈಕಲ್ ಶಾಪ್ ಮಗ
ಇಲ್ಲ ಸರ್, ಕುಣಿತ ಮೊದಲು. ಕಾರಣ ಹೇಳುತ್ತೇನೆ. ಕುಣಿತ ತೆಗೆಯಲು ಎರಡೂ ಕಡೆಯ ಕಡ್ಡಿಗಳನ್ನು ಜೊತೆಗೆ ತಿರುಗಿಸಬೇಕು, ಅದೂ ಜಾಸ್ತಿ ಸುತ್ತು. ಆಗ ಪಕ್ಕದ ಲೆಕ್ಕ ಹೇಗೂ ಕೆಡುತ್ತದೆ. ಪಕ್ಕದ ಔಟ್ ಸಣ್ಣ ತಿರುವಿನಲ್ಲಿ ಸರಿ ಹೋಗುತ್ತದೆ. ದೊಡ್ಡ ಕೆಲಸ ಮೊದಲು, ಸಣ್ಣದು ಆಮೇಲೆ. ಕಡ್ಡಿ ಬಿಗಿ ಆದ ಮೇಲೆ ಕುಣಿತ ತೆಗೆಯುವುದು ಬಹಳ ಕಷ್ಟ.

ರಿಮ್ ಎಲ್ಲಿ ಹಬ್‌ನಿಂದ ದೂರ ಉಬ್ಬಿದೆಯೋ ಅಲ್ಲಿ ಎಡ ಬಲ ಎರಡೂ ಕಡೆಯ ಕಡ್ಡಿ ಸಮವಾಗಿ ಬಿಗಿ ಮಾಡಿ. ಎಲ್ಲಿ ಒಳಗೆ ಕುಸಿದಿದೆಯೋ ಅಲ್ಲಿ ಎರಡನ್ನೂ ಸಮವಾಗಿ ಸಡಿಲಿಸಿ. ಪಕ್ಕದ ಔಟ್‌ಗೆ ಬಂದಾಗ, ರಿಮ್ ಎಡಕ್ಕೆ ಹೋಗಿದ್ದರೆ ಆ ಜಾಗದಲ್ಲಿ ಬಲ ಕಡ್ಡಿ ಕಾಲು ಸುತ್ತು ಬಿಗಿ, ಎಡ ಕಡ್ಡಿ ಕಾಲು ಸುತ್ತು ಸಡಿಲ. ಎರಡೂ ಮಾಡಿದರೆ ಕುಣಿತ ಮತ್ತೆ ಹುಟ್ಟಲ್ಲ. ಒಂದೇ ಕಡ್ಡಿಯ ಮೇಲೆ ಹಟ ಹಿಡಿಯಬೇಡಿ, ಅಕ್ಕಪಕ್ಕದ ಎರಡು ಮೂರು ಕಡ್ಡಿಗೂ ಪಾಲು ಕೊಡಿ.

ಧಾರವಾಡದ ಬುಲೆಟ್
ಹಳೇ ಚಕ್ರದ ಔಟ್ ತೆಗೆಯುವಾಗ ನಾನು ಪಕ್ಕದ್ದೇ ಮೊದಲು ಮಾಡಿದ್ದು. ಹೊಸದಾಗಿ ಕಟ್ಟುವಾಗ ನಿಮ್ಮ ಮಾತು ಸರಿ, ಒಪ್ಪಿದೆ.

ಕೊಪ್ಪದ ಆರ್‌ಎಕ್ಸ್
ನಿಪ್ಪಲ್ ಯಾವ ಕಡೆ ತಿರುಗಿಸಿದರೆ ಬಿಗಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಪಾನಾ 14
ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲಿದೆ. ಟೈರ್ ಕೂರುವ ಕಡೆಯಿಂದ, ಅಂದರೆ ನಿಪ್ಪಲ್ ತಲೆಯ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕು ಬಿಗಿ. ಹಬ್ ಕಡೆಯಿಂದ ನೋಡಿದರೆ ಅದೇ ತಿರುವು ಉಲ್ಟಾ ಕಾಣುತ್ತದೆ. ಯಾವಾಗಲೂ ಹೊರಗಿನಿಂದ ಸ್ಕ್ರೂ ಡ್ರೈವರ್ ಹಿಡಿದ ಹಾಗೆ ಯೋಚಿಸಿ, ತಪ್ಪಾಗಲ್ಲ.

ಕೊಪ್ಪದ ಆರ್‌ಎಕ್ಸ್
ಈಗ ದೊಡ್ಡ ಪ್ರಶ್ನೆ. ಎಷ್ಟು ಬಿಗಿ?

ಲೇತ್ ಪೀಣ್ಯ
ಕಡ್ಡಿಗೆಂದೇ ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ತಿರುಗಿಸುತ್ತೀರಿ ಅಂತ ಅಳೆಯುವ ಪಾನಾ) ಬರುತ್ತದೆ. ಹೆಚ್ಚಿನ ಬೈಕ್‌ಗಳಿಗೆ 3 ರಿಂದ 6 ನ್ಯೂಟನ್ ಮೀಟರ್ ಒಳಗೆ ಹೇಳಿರುತ್ತಾರೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಹಿಡಿಯಿರಿ.

ಸೈಕಲ್ ಶಾಪ್ ಮಗ
ಟಾರ್ಕ್ ರೆಂಚ್ ಅಳೆಯುವುದು ಮರೆಯ ಘರ್ಷಣೆಯನ್ನೂ ಸೇರಿಸಿ. ಒಂದು ನಿಪ್ಪಲ್‌ಗೆ ಎಣ್ಣೆ ಚೆನ್ನಾಗಿ ಹತ್ತಿದೆ, ಇನ್ನೊಂದಕ್ಕೆ ಇಲ್ಲ ಅಂದರೆ ರೆಂಚ್ ಒಂದೇ ಅಂಕಿ ತೋರಿಸಿದರೂ ಎಳೆತ ಬೇರೆ. ಕಡ್ಡಿಯ ನಡುವೆ ಸಣ್ಣ ಪಾನಾದಿಂದ ತಟ್ಟಿ ಶಬ್ದ ಕೇಳಿ. ಬಿಗಿ ಇದ್ದರೆ ಟಿಂಗ್ ಅನ್ನುತ್ತದೆ, ಸಡಿಲ ಇದ್ದರೆ ಟಪ್. ಒಂದೇ ಕಡೆಯ ಕಡ್ಡಿಗಳೆಲ್ಲ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು.

ಲೇತ್ ಪೀಣ್ಯ
ಒಂದೇ ಸ್ವರ ಅನ್ನುವುದು ಸಮ ಇದೆಯಾ ಅಂತ ಹೇಳುತ್ತದೆ. ಸಾಕಷ್ಟು ಬಿಗಿ ಇದೆಯಾ ಅಂತ ಹೇಳಲ್ಲ. ಎಲ್ಲವೂ ಸಮವಾಗಿ ಸಡಿಲ ಇದ್ದರೂ ಒಂದೇ ಸ್ವರ ಬರುತ್ತದೆ, ಅಲ್ವಾ? ಹೊಸಬರ ಕಿವಿಗೆ ಅದು ಗೊತ್ತಾಗಲ್ಲ. ಅದಕ್ಕೇ ರೆಂಚ್ ಬೇಕು ಅನ್ನುವುದು.

ಸೈಕಲ್ ಶಾಪ್ ಮಗ
ಇದು ಸರಿಯಾದ ಮಾತು. ರೆಂಚ್ ಮಟ್ಟಕ್ಕೆ, ಕಿವಿ ಸಮಕ್ಕೆ. ಎರಡನ್ನೂ ಬಳಸಲಿ. ರೆಂಚ್ ಇಲ್ಲದವರು ಕಂಪನಿಯಿಂದ ಹೊಸದಾಗಿ ಬಂದ ಅದೇ ಅಳತೆಯ ಚಕ್ರದ ಕಡ್ಡಿ ತಟ್ಟಿ, ಆ ಸ್ವರಕ್ಕೆ ಹೋಲಿಸಬಹುದು. ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ತಾಗುತ್ತವೆ. ಆ ಜಾಗಕ್ಕೂ ರಿಮ್‌ಗೂ ನಡುವೆ ತಟ್ಟಬೇಕು, ಇಲ್ಲದಿದ್ದರೆ ಶಬ್ದ ಮಂಕಾಗುತ್ತದೆ.

ರಾತ್ರಿ ಪಾಳಿ
ಎಷ್ಟು ಜಾಸ್ತಿ ಬಿಗಿ ಮಾಡಿದರೆ ಅಷ್ಟು ಬೇಗ ಕಡ್ಡಿ ಮುರಿಯುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಗುಂಡಿಯಲ್ಲಿ ಕುಶನ್ ಕೊಡುತ್ತದೆ.

ಪಾನಾ 14
ಇದು ತಪ್ಪು. ದಯವಿಟ್ಟು ಯಾರೂ ಇದನ್ನು ಅನುಸರಿಸಬೇಡಿ. ಮುರಿಯುವುದು ಹೆಚ್ಚಾಗಿ ಸಡಿಲ ಕಡ್ಡಿಯೇ. ಪ್ರತಿ ಸುತ್ತಿಗೂ ಕಡ್ಡಿಯ ಎಳೆತ ಏರಿಳಿಯುತ್ತದೆ. ಬಿಗಿ ಇದ್ದರೆ ಆ ಏರಿಳಿತದಲ್ಲೂ ಕತ್ತು ಹಬ್‌ಗೆ ಒತ್ತಿಕೊಂಡೇ ಇರುತ್ತದೆ. ಸಡಿಲ ಇದ್ದರೆ ಕತ್ತು ಅಲ್ಲಾಡುತ್ತದೆ, ದಿನಾ ಸಾವಿರಾರು ಸಲ. ಲೋಹ ಸುಸ್ತಾಗಿ ಬಾಗಿನ ಹತ್ತಿರ ಕತ್ತರಿಸುತ್ತದೆ. ಮುರಿದ ಕಡ್ಡಿ ಸಿಕ್ಕಾಗ ನೋಡಿ, ಹೆಚ್ಚಿನವು ಕತ್ತಿನಲ್ಲೇ ಹೋಗಿರುತ್ತವೆ. ಅತಿಯಾದ ಬಿಗಿಯೂ ಕೆಟ್ಟದ್ದೇ, ರಿಮ್ ತೂತಿನ ಸುತ್ತ ಬಿರುಕು ಬರುತ್ತದೆ. ಅದಕ್ಕೇ ಮ್ಯಾನ್ಯುಯಲ್ ಅಂಕಿ.

ಘಟ್ಟದ ಸವಾರ
ಗಾಡಿಯ ಭಾರ ಮೇಲಿನ ಕಡ್ಡಿಗಳಲ್ಲಿ ನೇತಾಡುತ್ತದೆ ಅಂತ ಓದಿದ್ದೆ. ಹಾಗಾದರೆ ಎಳೆತ ಏರುವುದು ಮೇಲೆ ತಾನೇ?

ಪಾನಾ 14
ಇದರ ಮೇಲೆ ಜನ ವರ್ಷಗಟ್ಟಲೆ ಜಗಳ ಆಡಿದ್ದಾರೆ. ಅಳೆದು ನೋಡಿದರೆ ಕಾಣುವುದು ಇಷ್ಟು: ಭಾರ ಬಿದ್ದಾಗ ನೆಲದ ಹತ್ತಿರದ ಕೆಲವೇ ಕಡ್ಡಿಗಳ ಎಳೆತ ಚೆನ್ನಾಗಿ ಇಳಿಯುತ್ತದೆ. ಮಿಕ್ಕವುಗಳಲ್ಲಿ ಬದಲಾವಣೆ ಬಹಳ ಸಣ್ಣದು. ಹಾಗಾಗಿ ಕೆಳಕ್ಕೆ ಬಂದ ಕಡ್ಡಿ ಪೂರ್ತಿ ಸಡಿಲ ಆಗದಷ್ಟು ಎಳೆತವನ್ನು ಮೊದಲೇ ಕೊಟ್ಟಿರಬೇಕು. ಚಕ್ರದ ಬಲ ಅಲ್ಲಿದೆ.

ಘಟ್ಟದ ಸವಾರ
ಅರ್ಥ ಆಯಿತು. ಇದು ನನಗೆ ಹೊಸ ವಿಷಯ. ಧನ್ಯವಾದ.

ಹಳೇಗಾಡಿ ಮೈಸೂರು
ಚರ್ಚೆ ಚೆನ್ನಾಗಿ ನಡೆದಿದೆ. ನಡುವೆ ಬೇರೆ ವಿಷಯ ತರುತ್ತಿದ್ದೇನೆ, ಬೇಸರ ಬೇಡ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳು ಹೊರಬಂದವು. ಅವೆಲ್ಲವೂ ಕಡ್ಡಿ ಚಕ್ರದ ಗಾಡಿಗಳೇ. ಹಾಗಾಗಿ ನಮ್ಮೂರಲ್ಲಿ ಈ ಕೈಕೆಲಸ ಬಲ್ಲವರು ಬಹಳ ಇದ್ದರು. ಈಗ ಒಬ್ಬೊಬ್ಬರೇ ಕಡಿಮೆ ಆಗುತ್ತಿದ್ದಾರೆ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಗಾಡಿ ಹೊಳಪು ಮಾಡಿ ತರುವ ಹುಡುಗರು ತುಂಬಾ ಇದ್ದಾರೆ. ಚಕ್ರ ಕಟ್ಟಲು ಬರುವ ಹುಡುಗರು ಎಷ್ಟಿದ್ದಾರೆ? ಕೊಪ್ಪದವರ ಹಾಗೆ ಊರಿಗೊಬ್ಬರು ಕಲಿತರೂ ಹಳೇ ಗಾಡಿಗಳು ರಸ್ತೆಯಲ್ಲಿ ಉಳಿಯುತ್ತವೆ. ಹತ್ತಿರದಲ್ಲಿ ಯಾರಾದರೂ ಹಿರಿಯ ಮೇಸ್ತ್ರಿ ಇದ್ದರೆ ಪಕ್ಕದಲ್ಲಿ ಕೂತು ನೋಡಿ. ಅವರು ಬೇಡ ಅನ್ನಲ್ಲ.

ಕೊಪ್ಪದ ಆರ್‌ಎಕ್ಸ್
ನಿಮ್ಮ ಮಾತಿನಂತೆ ಅಂಗಡಿ ಮುಚ್ಚಿದ ಹಿರಿಯರ ಮನೆಗೇ ಹೋಗಿ ಮಾತಾಡಿಸಿದೆ. ಖುಷಿಯಿಂದ ಬಂದು ಕೂತು ಹೇಳಿಕೊಟ್ಟರು. ಸ್ಪ್ಲೆಂಡರ್ ಚಕ್ರದಲ್ಲಿ ಕೈ ಕುದುರಿದ ಮೇಲೆ ಆರ್‌ಎಕ್ಸ್ ಚಕ್ರ ಕಟ್ಟಿದ್ದೇನೆ. ಆಫ್‌ಸೆಟ್ ಅಳತೆಗೆ ಸರಿಯಾಗಿ ಕೂತಿದೆ. ಪಕ್ಕದ ಔಟ್ ಅರ್ಧ ಮಿ.ಮೀ. ಸುತ್ತಮುತ್ತ. ಕುಣಿತ ಮಾತ್ರ ಒಂದು ಜಾಗದಲ್ಲಿ ಹೋಗುತ್ತಲೇ ಇಲ್ಲ. ಒಂದು ಮಿ.ಮೀ. ಮೇಲಿದೆ. ಅಲ್ಲಿ ಬಿಗಿ ಮಾಡುತ್ತಾ ಹೋದರೆ ಕಡ್ಡಿ ಸ್ವರ ಬೇರೆ ಆಗುತ್ತಿದೆ.

ಲೇತ್ ಪೀಣ್ಯ
ಆ ಜಾಗದಲ್ಲಿ ರಿಮ್‌ನ ಬೆಸುಗೆ ಇದೆಯಾ ನೋಡಿ. ಗಾಳಿ ತೂತಿಗೆ ಎದುರು ಬದಿಯಲ್ಲಿ ಇರಬಹುದು.

ಕೊಪ್ಪದ ಆರ್‌ಎಕ್ಸ್
ಹೌದು, ಅಲ್ಲೇ ಇದೆ!

ಲೇತ್ ಪೀಣ್ಯ
ಹಾಗಾದರೆ ಬಿಟ್ಟುಬಿಡಿ. ಉಕ್ಕಿನ ರಿಮ್‌ಗಳಲ್ಲಿ ಬೆಸುಗೆ ಹತ್ತಿರ ಲೋಹವೇ ಸ್ವಲ್ಪ ಉಬ್ಬಿರುತ್ತದೆ. ಅದು ಕಡ್ಡಿಯಿಂದ ಹೋಗುವಂಥದ್ದಲ್ಲ. ಯಮಹಾ, ಹೋಂಡಾ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ 2 ಮಿ.ಮೀ. ಮಿತಿ ಕೊಟ್ಟಿರುತ್ತಾರೆ, ಪಕ್ಕಕ್ಕೂ ಕುಣಿತಕ್ಕೂ. ನೀವು ಒಳಗೇ ಇದ್ದೀರಿ. ಅರ್ಧ ಮಿ.ಮೀ. ಔಟ್ ಇದ್ದು ಎಳೆತ ಸಮ ಇರುವ ಚಕ್ರ, ಔಟ್ ಸೊನ್ನೆ ಇದ್ದು ಎಳೆತ ಏರುಪೇರು ಇರುವ ಚಕ್ರಕ್ಕಿಂತ ಎಷ್ಟೋ ದಿನ ಜಾಸ್ತಿ ಬಾಳುತ್ತದೆ. ಗೇಜಿನ ಮುಳ್ಳು ಅಲುಗಬಾರದು ಅಂತ ಹಟಕ್ಕೆ ಬಿದ್ದು ಒಳ್ಳೆ ಚಕ್ರ ಕೆಡಿಸಿದವರನ್ನು ಬಹಳ ಕಂಡಿದ್ದೇನೆ.

ಸೈಕಲ್ ಶಾಪ್ ಮಗ
ಪೂರ್ತಿ ಒಪ್ಪುತ್ತೇನೆ. ಇನ್ನೊಂದು ಕೆಲಸ ಬಾಕಿ ಇದೆ. ಹೊಸ ಕಡ್ಡಿಯ ಕತ್ತು ಹಬ್ ಮೇಲೆ ಇನ್ನೂ ಪೂರ್ತಿ ಕೂತಿರಲ್ಲ. ಹೊರ ಕಡ್ಡಿಗಳ ಕತ್ತನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆಮೇಲೆ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕುತ್ತಾ ಸುತ್ತಲೂ ಬನ್ನಿ. ಕಿರ್ ಅಂತ ಶಬ್ದ ಬಂದರೆ ಗಾಬರಿ ಬೇಡ, ಕೂರುತ್ತಿವೆ ಅಂತ. ಎಳೆತ ಸ್ವಲ್ಪ ಇಳಿಯುತ್ತದೆ. ಮತ್ತೆ ಬಿಗಿ ಮಾಡಿ, ಮತ್ತೆ ಔಟ್ ನೋಡಿ. ಶಬ್ದ ಪೂರ್ತಿ ನಿಲ್ಲುವ ತನಕ.

ಹೊಸಬ ಹಿಮಾಲಯನ್
ನಾನೂ ಕೇಳಬಹುದಾ? ನನ್ನದು ಹಿಮಾಲಯನ್ 411. ಮುಂದೆ 21, ಹಿಂದೆ 17 ಇಂಚು. ಕಡ್ಡಿ ರಿಮ್‌ಗೆ ಒಳಗಿಂದ ಸೀಲೆಂಟ್ ಹಚ್ಚಿ ಟ್ಯೂಬ್‌ಲೆಸ್ ಮಾಡಿಕೊಡುತ್ತೇವೆ ಅಂತಾರೆ. ಮಾಡಿಸಲಾ?

ಪಾನಾ 14
ಮಾಡಿಸಿದವರಿದ್ದಾರೆ, ಓಡಿಸುತ್ತಲೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಟ್ಯೂಬ್ ಟೈರ್ ರಿಮ್‌ನ ಒಳ ಅಂಚಿಗೂ ಟ್ಯೂಬ್‌ಲೆಸ್ ರಿಮ್‌ನ ಅಂಚಿಗೂ ವ್ಯತ್ಯಾಸ ಇದೆ. ಟ್ಯೂಬ್‌ಲೆಸ್ ರಿಮ್‌ನಲ್ಲಿ ಟೈರಿನ ಅಂಚು ಜಾರದ ಹಾಗೆ ತಡೆಯುವ ಉಬ್ಬು ಇರುತ್ತದೆ. ಆ ಉಬ್ಬು ಇಲ್ಲದ ರಿಮ್‌ನಲ್ಲಿ ಓಡುವಾಗ ಗಾಳಿ ಇಳಿದರೆ ಟೈರ್ ಅಂಚು ಒಳಕ್ಕೆ ಬೀಳಬಹುದು. ಸೀಲೆಂಟ್ ಹಚ್ಚಿದ ಮೇಲೆ ಕಡ್ಡಿ ಬಿಗಿ ಮಾಡಬೇಕಾಗಿ ಬಂದರೂ ಕಷ್ಟ. ನಿಪ್ಪಲ್ ತಿರುಗಿದರೆ ಸೀಲ್ ಹರಿಯುತ್ತದೆ.

ಕಡ್ಡಿಯೂ ಬೇಕು, ಟ್ಯೂಬ್‌ಲೆಸ್ಸೂ ಬೇಕು ಅನ್ನುವವರಿಗೆ ಕಡ್ಡಿಯನ್ನು ರಿಮ್‌ನ ಹೊರ ಅಂಚಿಗೆ ಕೂರಿಸುವ ವಿಧಾನ ಇದೆ. ಬಿಎಂಡಬ್ಲ್ಯು 1987ರಲ್ಲಿ ಆರ್100ಜಿಎಸ್ ಗಾಡಿಯಲ್ಲಿ ತಂದದ್ದು ಅದೇ. ಗಾಳಿ ನಿಲ್ಲುವ ಜಾಗದಲ್ಲಿ ತೂತೇ ಇರಲ್ಲ.

ಹೊಸಬ ಹಿಮಾಲಯನ್
ಸರಿ ಸರ್, ಟ್ಯೂಬೇ ಇರಲಿ. ಹಳ್ಳಿ ರಸ್ತೆಯಲ್ಲಿ ಓಡಿಸಿದ ಮೇಲೆ ಕೆಲವು ಕಡ್ಡಿ ಸಡಿಲ ಅನಿಸುತ್ತಿವೆ. ಒಂದರ ಹಿಂದೆ ಒಂದು ಬಿಗಿ ಮಾಡುತ್ತಾ ಹೋಗಲಾ?

ಪಾನಾ 14
ಸಾಲಾಗಿ ಬೇಡ. ಒಂದು ಬಿಗಿ ಮಾಡಿ, ಎರಡು ಬಿಟ್ಟು, ಮೂರನೆಯದು ಕಾಲು ಸುತ್ತು. ಹೀಗೆ ಒಂದು ಸುತ್ತು ಮುಗಿದ ಮೇಲೆ ಪಕ್ಕದ ಕಡ್ಡಿಯಿಂದ ಶುರು ಮಾಡಿ ಇನ್ನೊಂದು ಸುತ್ತು, ಆಮೇಲೆ ಮೂರನೆಯದು. 36 ಕಡ್ಡಿಗೆ ಇದು ಸರಿ ಹೊಂದುತ್ತದೆ. ರಿಮ್ ಒಂದು ಕಡೆಗೆ ಎಳೆಯಲ್ಲ.

ಕೊಪ್ಪದ ಆರ್‌ಎಕ್ಸ್
ಟೈರ್ ಹಾಕುವ ಮೊದಲು ಇನ್ನೇನಾದರೂ ನೋಡಬೇಕಾ?

ಧಾರವಾಡದ ಬುಲೆಟ್
ರಿಮ್ ಒಳಗೆ ಬೆರಳು ಆಡಿಸಿ ನೋಡ್ರಿ. ಕಡ್ಡಿ ತುದಿ ನಿಪ್ಪಲ್ ತಲೆಗಿಂತ ಮೇಲೆ ಬಂದಿದ್ದರೆ ಅರದಿಂದ ಉಜ್ಜಿ ಮಟ್ಟ ಮಾಡಬೇಕು. ಲೋಹದ ಪುಡಿ ಒಂದು ಚೂರೂ ಉಳಿಯದ ಹಾಗೆ ಒರೆಸ್ರಿ. ಆಮೇಲೆ ಹೊಸ ರಿಮ್ ಟೇಪ್. ಹಳೇ ಟೇಪ್ ಮತ್ತೆ ಹಾಕುವುದು ಬೇಡ.

ಕಾರವಾರ ಕರಾವಳಿ
ರಿಮ್ ಟೇಪ್ ಇಲ್ಲ ಅಂತ ಇನ್ಸುಲೇಷನ್ ಟೇಪ್ ಸುತ್ತುವವರನ್ನು ನೋಡಿದ್ದೇನೆ. ಬಿಸಿಗೆ ಅಂಟು ಕರಗಿ ಜಾರುತ್ತದೆ, ಟ್ಯೂಬ್ ಪಂಕ್ಚರ್. ರಬ್ಬರ್ ಟೇಪೇ ಹಾಕಿ.

ಘಟ್ಟದ ಸವಾರ
ಹೊಸ ಚಕ್ರ ಹಾಕಿದ ಕೂಡಲೇ ಘಟ್ಟಕ್ಕೆ ಹೋಗಬೇಡಿ. ಊರಿನ ಸುತ್ತ ನಿಧಾನಕ್ಕೆ ನೂರು ಕಿಲೋಮೀಟರ್ ಓಡಿಸಿ. ಬಂದು ಎಲ್ಲ ಕಡ್ಡಿ ತಟ್ಟಿ ನೋಡಿ, ಸಡಿಲ ಇದ್ದರೆ ಬಿಗಿ ಮಾಡಿ, ಔಟ್ ನೋಡಿ. ಅದಾದ ಮೇಲೆ ನಾನೇ ಜೊತೆಗೆ ಬರುತ್ತೇನೆ, ಕುದುರೆಮುಖದ ಕಡೆ ಹೋಗೋಣ.

ಸೈಕಲ್ ಶಾಪ್ ಮಗ
ಹಿಂದಿನದು ಮುಗಿದ ಮೇಲೆ ಆ ಎಳೆಯುವ ಮುಂದಿನ ಚಕ್ರ ಬಿಡಬೇಡಿ. ಅದನ್ನು ಪೂರ್ತಿ ಬಿಚ್ಚುವುದು ಬೇಕಾಗಲ್ಲ. ರಿಮ್ ಯಾವ ಕಡೆಗೆ ಸರಿಯಬೇಕೋ ಆ ಕಡೆಯ 18 ಕಡ್ಡಿ ಕಾಲು ಸುತ್ತು ಬಿಗಿ, ಎದುರಿನ 18 ಕಾಲು ಸುತ್ತು ಸಡಿಲ. ಸಡಿಲ ಮಾಡುವುದು ಮೊದಲು. ಫೋರ್ಕ್‌ನ ಎರಡೂ ಕಾಲಿನಿಂದ ರಿಮ್‌ಗೆ ದೂರ ಅಳೆಯುತ್ತಾ ಹೋಗಿ, ಎರಡೂ ಸಮ ಬಂದಾಗ ನಿಲ್ಲಿಸಿ.

ಕೊಪ್ಪದ ಆರ್‌ಎಕ್ಸ್
ಮಾಡುತ್ತೇನೆ ಅಣ್ಣ. ಕೆಲಸ ಶುರು ಮಾಡಿದ ದಿನ ಅಳತೆಗಳನ್ನು ಇಲ್ಲೇ ಹಾಕುತ್ತೇನೆ. ತಪ್ಪಿದ್ದರೆ ಹೇಳಿ.